ಗಡಿ ಮುಟ್ಟಿ ಬರುವ ವ್ಯಾನು

ಫೆಬ್ರವರಿ 9, ಭಾನುವಾರ

ಮತ್ತೆ ಗಡಿಯಾತ್ರೆ. ಭಾವನ ವ್ಯಾನು, ಏಳು ಸೀಟು, ಒಂಬತ್ತು ಜನ. ಹಿಂದಿನ ಸೀಟಿನ ಮಗು ಸರಿಯಾಗಿ ನನ್ನ ಚಪ್ಪಲಿಯ ಮೇಲೆಯೇ ವಾಂತಿ ಮಾಡಿತು. ಗೇಟು ದಾಟುವುದು, ಆಚೆಯ ಪೆಟ್ರೋಲ್ ಬಂಕಿನಲ್ಲಿ ನೀರು ನೀರು ಚಹಾ ಕುಡಿಯುವುದು, ಪಾಸ್‌ಪೋರ್ಟಿಗೆ ಮುದ್ರೆ ಒತ್ತಿಸಿಕೊಂಡು ವಾಪಸ್ಸು. ಈ ದೇಶದಲ್ಲಿದ್ದ ದಿನಗಳ ಲೆಕ್ಕ ಸೊನ್ನೆಯಾಯಿತು, ಇನ್ನು ಇಲ್ಲಿ ಟ್ಯಾಕ್ಸಿನ ಮಾತೇ ಇಲ್ಲ ಎಂದು ಭಾವ ಸ್ಟಿಯರಿಂಗ್ ತಟ್ಟಿ ಹೇಳುತ್ತಾರೆ. ಪರದೇಶಕ್ಕೆ ಬಂದು, ಇನ್ನೊಂದು ದೇಶದ ಕಂಪನಿಗೆ ಮನೆಯಲ್ಲೇ ಕೂತು ದುಡಿಯುವ ನಮ್ಮಂಥವರಿಗೆಲ್ಲ ಅವರೇ ಗುರು. ಅವರದೂ ಅಂಥದೇ ಕೆಲಸ. ವ್ಯಾನಿಗೆ ತಲೆಗಿಷ್ಟು ಅಂತ ಚಾರ್ಜು. ನಾದಿನಿ ಅಂತ ನನಗೇನೂ ರಿಯಾಯಿತಿ ಇಲ್ಲ.

ಬಂಕಿನ ಕಕ್ಕಸು... ಥೂ. ಯಾವುದೋ ದೇಶದ ಕಟ್ಟಡಗಳಿಗೆ ಕಕ್ಕಸಿನ ಪೈಪು, ಚರಂಡಿ ಲೈನು ಡ್ರಾಯಿಂಗ್ ಮಾಡಿ ಹೊಟ್ಟೆ ಹೊರೆಯುವವಳು ನಾನು. ನನಗೇ ಹೇಸಿಗೆಯಾಯಿತು ಎಂದರೆ ಹೇಗಿತ್ತೋ ನೋಡಿ.

ಫೆಬ್ರವರಿ 11

ಕಾಯಂ ವಾಸದ ಅರ್ಜಿ ತುಂಬಿದೆವು. ಸಿಕ್ಕರೆ ಇವರು ಸಿಮೆಂಟು ಗೋದಾಮು ಬಿಟ್ಟು ಬೇರೆ ಕೆಲಸ ಹುಡುಕಬಹುದು. ಈಗಿನ ವೀಸಾ ಆ ಗೋದಾಮಿಗೇ ಕಟ್ಟಿಹಾಕಿದೆ. ಧೂಳು ಕುಡಿದು ಕುಡಿದು ಕೆಮ್ಮು. ಟವೆಲ್ ಒಗೆದರೆ ಬೂದು ನೀರು ಬರುತ್ತದೆ. ಬೇರೇನೂ ಬೇಡ, ಇದೊಂದು ಸಿಕ್ಕಿದರೆ ಸಾಕು.

ಜಾಮೀನಿಗೆ ಭಾವನ ಸಹಿ ಆಯಿತು. ಇನ್ನುಳಿದದ್ದು ತೆರಿಗೆ ಬಾಕಿ ಇಲ್ಲ ಎಂಬ ಪತ್ರ. ಇವರದನ್ನು ಗೋದಾಮಿನವರೇ ಸಂಬಳದಲ್ಲಿ ಹಿಡಿದು ಕಟ್ಟುತ್ತಾರೆ. ನನ್ನದಕ್ಕೆ ನಾನೇ ಹೋಗಬೇಕು. ಮನೆಯಲ್ಲಿರುತ್ತೇನೆ ಅಂತ ಹೇಳಿಬಿಡು ಎಂದರು ಭಾವ. ಮನೆಯಲ್ಲಿರುವುದು ನಿಜವೇ ತಾನೇ.

ಫೆಬ್ರವರಿ 20

ತೆರಿಗೆ ಕಚೇರಿ. ಮನೆಯಲ್ಲಿರುತ್ತೇನೆ ಎಂದೆ. ಕೌಂಟರಿನಾಕೆ ಬ್ಯಾಂಕ್ ಸ್ಟೇಟ್‌ಮೆಂಟ್ ನನ್ನ ಕಡೆ ತಿರುಗಿಸಿ, ತಿಂಗಳು ತಿಂಗಳು ಬರುವ ಹಣದ ಮೇಲೆ ಪೆನ್ನಿಟ್ಟಳು. ಕಂಪನಿ ಇಲ್ಲಿಯದಲ್ಲ, ಸಂಬಳವೂ ಇಲ್ಲಿಯದಲ್ಲ ಎಂದು ಭಾವನ ಪಾಠ ಒಪ್ಪಿಸಿದೆ.

"ಸಂಬಳ ಎಲ್ಲಿಂದ ಬರುತ್ತೆ ಅಂತ ನಾನು ಕೇಳ್ತಿಲ್ಲ. ನೀವು ಕೂತು ಕೆಲಸ ಮಾಡೋದು ಎಲ್ಲಿ?"

ಅಡುಗೆಮನೆ ಮೇಜಿನಲ್ಲಿ ಎಂದೆ. ಆ ಅಡುಗೆಮನೆ ಈ ದೇಶದಲ್ಲಿದೆಯಲ್ಲ, ಹಾಗಾದರೆ ತೆರಿಗೆಯೂ ಇಲ್ಲೇ ಎಂದಳು. ಮುದ್ರೆಗಳನ್ನೆಲ್ಲ ತೋರಿಸಿದೆ. ಅರ್ಧ ದಿನ ಆಚೆ ಹೋಗಿಬಂದರೆ ಇಲ್ಲಿ ಇದ್ದ ದಿನಗಳು ಅಳಿಸಿಹೋಗುವುದಿಲ್ಲವಂತೆ, ವರ್ಷದ್ದೆಲ್ಲ ಕೂಡುತ್ತಾರಂತೆ. ಅವಳು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಮೂರು ವರ್ಷದ ತೆರಿಗೆ, ಮೇಲೆ ದಂಡ. ಎಲ್ಲ ತೀರುವವರೆಗೆ ಪತ್ರ ಇಲ್ಲ, ಪತ್ರ ಇಲ್ಲದೆ ಅರ್ಜಿ ಅಲುಗುವುದಿಲ್ಲ. ಈ ಸಲಹೆ ಕೊಟ್ಟವರು ಯಾರೆಂದು ಬರೆದುಕೊಟ್ಟರೆ ದಂಡ ಕಡಿಮೆಯಾಗಬಹುದು ಎಂದಳು. ಯೋಚಿಸಿ ಹೇಳುತ್ತೇನೆ ಎಂದು ಬಂದೆ.

ಫೆಬ್ರವರಿ 21

ಅಕ್ಕನ ಮನೆ. ಬಟ್ಟೆ ಮಡಚುತ್ತಾ ಕೂತಿದ್ದಳು. ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ.

"ಅಯ್ಯೋ, ನೀನು ಕಟ್ಟಿಲ್ವೇನೇ ಪುಟ್ಟಿ? ನಿಮ್ಮ ಭಾವ ನಮ್ದು ವರ್ಷ ವರ್ಷ ಕಟ್ತಾರಲ್ಲ. ಇಲ್ದಿದ್ರೆ ನಮಗೆ ಕಾಯಂ ಹೇಗೆ ಸಿಗ್ತಿತ್ತು?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅದೇ ಅಂಗಿಯನ್ನು ಬಿಚ್ಚಿ ಬಿಚ್ಚಿ ಮಡಚಿದಳು.

ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಅಂತಾರೆ. ನಮ್ಮ ಭಾವನದು ಉಲ್ಟಾ. ಪುರಾಣ ತನಗಿಟ್ಟುಕೊಂಡು ಬದನೆಕಾಯಿ ನಮಗೆಲ್ಲ ಹಂಚಿದ್ದಾರೆ. ಅದಕ್ಕೂ ತಲೆಗಿಷ್ಟು ಅಂತ ಚಾರ್ಜು.

ಫೆಬ್ರವರಿ 22

ಭಾವ ತಾವಾಗಿಯೇ ಬಂದರು. ನಾಚಿಕೆಯ ಸುಳಿವಿಲ್ಲ. ಸೋಫಾದಲ್ಲಿ ಕೂತು ಬೆಂಕಿಕಡ್ಡಿಯಲ್ಲಿ ಹಲ್ಲು ಚುಚ್ಚಿಕೊಳ್ಳುತ್ತಿದ್ದರು.

"ನಾನು ವ್ಯಾನ್ ಓಡಿಸ್ತೀನಿ ಪುಟ್ಟಿ. ಯಾರ ಕತ್ತು ಹಿಡಿದೂ ಹತ್ತಿಸಿಲ್ಲ. ನನ್ನ ಹೆಸರು ಅಲ್ಲಿ ಬಂತು ಅಂದ್ರೆ ಜಾಮೀನು ವಾಪಸ್, ಅಷ್ಟೇ."

ಇವರ ಮುಖ ನೋಡಿದೆ. ಕೆಮ್ಮಿ ಮುಗಿಸಿ ಮೆಲ್ಲಗೆ ಹೇಳಿದರು: "ಭಾವ ಹೇಳಿದ ಹಾಗೇ ಬರೆದುಕೊಟ್ಬಿಡು. ಆ ಗೋದಾಮಿನಲ್ಲಿ ಇನ್ನೊಂದು ಚಳಿಗಾಲ ನನ್ನ ಕೈಲಾಗಲ್ಲ."

ಬರೆದೆ. ಯಾರೂ ಸಲಹೆ ಕೊಟ್ಟಿಲ್ಲ, ನಾನೇ ತಪ್ಪು ತಿಳಿದಿದ್ದೆ. ಭಾವ ಹೇಳುತ್ತಾ ಹೋದರು, ನಡುನಡುವೆ ಕಡ್ಡಿಯ ತುದಿ ನೋಡಿಕೊಂಡು. ಕಡ್ಡಿಯನ್ನು ನನ್ನ ಚಹಾ ಲೋಟದೊಳಗೇ ಹಾಕಿ ಎದ್ದರು. ಲೋಟ ಕಸಕ್ಕೆ ಎಸೆದೆ. ಇಂಥವರನ್ನು ಇನ್ನೂ ಬಹುವಚನದಲ್ಲೇ ಬರೆಯುತ್ತಿದ್ದೇನೆ. ಅಭ್ಯಾಸ.

ಮಾರ್ಚ್ 30

ತೆರಿಗೆ ಕಚೇರಿಯವರು ಕಂತಿಗೆ ಒಪ್ಪಿದರು. ಮೊದಲ ಕಂತಿಗೆ ಬಳೆ ಹೋಯಿತು. ಕೊನೆಯ ಕಂತು ತೀರಿದ ದಿನ ಪತ್ರ. ಅಲ್ಲಿಯವರೆಗೆ ಅರ್ಜಿಯ ಮೇಲೆ ಆ ಮಹಾನುಭಾವರ ಸಹಿ ಇರಲೇಬೇಕು. ಅಕ್ಕ ಫೋನ್ ಮಾಡುತ್ತಾಳೆ, ಹವೆಯ ಬಗ್ಗೆ ಮಾತಾಡಿ ಇಡುತ್ತಾಳೆ.

ಏಪ್ರಿಲ್ 13, ವ್ಯಾನಿನಲ್ಲಿ

ನನ್ನ ಸುದ್ದಿ ಹೇಗೋ ಹರಡಿ ನಾಲ್ಕು ಜನ ಬರುವುದು ಬಿಟ್ಟರಂತೆ. ನೀನು ಸುಮ್ಮನೆ ಬಂದು ಕೂತರೆ ಸಾಕು, ನೋಡಿದವರಿಗೆ ಧೈರ್ಯ ಬರುತ್ತೆ ಎಂದು ಭಾವ ಹೇಳಿಕಳಿಸಿದರು. ಇವತ್ತು ನನಗೆ ಚಾರ್ಜಿಲ್ಲ. ಬಂದು ಕೂತಿದ್ದೇನೆ. ಹಂದಿಯೊಡನೆ ಕೆಸರಿಗಿಳಿದ ಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು ಏನು ಪ್ರಯೋಜನ.

ಪಕ್ಕದಲ್ಲಿ ಹೊಸ ಹುಡುಗಿ. ಮದುವೆಯಾಗಿ ಈ ದೇಶಕ್ಕೆ ಬಂದು ಸ್ವಲ್ಪ ದಿನವಾಗಿದೆ. ಹೊರದೇಶದ ಆಸ್ಪತ್ರೆಯೊಂದಕ್ಕೆ ಮನೆಯಿಂದಲೇ ರಿಪೋರ್ಟ್ ಟೈಪ್ ಮಾಡುತ್ತಾಳೆ. ಗಂಡ ಲಾಂಡ್ರಿಯಲ್ಲಿ. ಅವರೂ ಕಾಯಂ ಅರ್ಜಿ ಹಾಕಬೇಕೆಂದಿದ್ದಾರೆ. ಊರು ದಾಟಿದ ಮೇಲೆ ನನ್ನ ಕಡೆ ಬಾಗಿದಳು.

"ಅಕ್ಕಾ, ನೀವು ಮೂರು ವರ್ಷದಿಂದ ಬರ್ತಿದ್ದೀರಂತೆ. ಏನೂ ತೊಂದರೆ ಆಗಿಲ್ಲ ಅಲ್ವಾ?"

ಕನ್ನಡಿಯಲ್ಲಿ ಭಾವನ ಕಣ್ಣು. ಮುಂದಿನ ಸೀಟಿನಲ್ಲಿ ಅಕ್ಕ, ತಿರುಗಲೇ ಇಲ್ಲ.

ಇಲ್ಲ ಎಂದೆ.

ಹುಡುಗಿ ಉಸಿರು ಬಿಟ್ಟು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಭುಜಕ್ಕೆ ತಲೆಯಾನಿಸಿ ನಿದ್ದೆಹೋಗಿದ್ದಾಳೆ. ಬಾಯಿ ಸ್ವಲ್ಪ ತೆರೆದಿದೆ. ನನ್ನ ಮೈ ನನಗೇ ನಾರುತ್ತಿದೆ. ಗೇಟು ಇನ್ನೂ ದೂರ. ದಾರಿಯಲ್ಲಿ ಒಂದು ಬಸ್ ನಿಲ್ದಾಣ ಸಿಗುತ್ತದೆ, ಇವಳು ಅಲ್ಲಿ ಇಳಿದು ವಾಪಸ್ ಹೋಗಬಹುದು. ಈಗಲೇ ಎಬ್ಬಿಸಿ ಹೇಳಿದರೆ —