ಪೆಪ್ಪರಮಿಂಟು ಎಂದು ಕೊಟ್ಟ ಮಾತ್ರೆ

ಅತ್ತೆಯವರಿಗೆ ನಮಸ್ಕಾರ,

ಕ್ಷೇಮ ಕೇಳಲು ಬರೆಯುತ್ತಿಲ್ಲ, ಜಗಳಕ್ಕೇ ಬರೆಯುತ್ತಿದ್ದೇನೆ. ತನ್ನ ಮನೆಗೆ ನಿಮ್ಮನ್ನು ಕರೆದೊಯ್ದ ನಿಮ್ಮ ಮಗಳು ಫೋನ್ ಮಾಡಿದ್ದಳು. ನನ್ನ ಮಗು ತೀರಿಕೊಂಡಂದಿನಿಂದ ನೀವು ನಿಮ್ಮ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿಲ್ಲವಂತೆ. "ಈ ಕೈ ಇನ್ನು ಮಾತ್ರೆ ಮುಟ್ಟಲ್ಲ" ಎಂದಿರಂತೆ. ಯಾರಿಗೆ ಈ ಶಿಕ್ಷೆ, ಅತ್ತೆ? ನಿಮಗೋ, ನನಗೋ?

ಮರೆವು ಹೆಚ್ಚಾದ ಮೇಲೆ ಮಾವ ಶುಗರ್ ಮಾತ್ರೆಯನ್ನು ಉಗುಳುತ್ತಿದ್ದರು. ಡಾಕ್ಟರ್ ಗದರಿದರೂ ಜಗ್ಗದ ಮನುಷ್ಯ ನಿಮ್ಮ ಒಂದು ಮಾತಿಗೆ ಬಾಯಿ ತೆರೆಯುತ್ತಿದ್ದರು. "ಪೆಪ್ಪರಮಿಂಟು ರೀ, ಆ ಮಾಡಿ." ಪಕ್ಕದಲ್ಲೇ ನಿಂತ, ಇನ್ನೂ ಎರಡು ತುಂಬದ ನನ್ನ ಮಗಳೂ ಆ ಎನ್ನುತ್ತಿದ್ದಳು. ಅಳದಿರಲಿ ಎಂದು ಅವಳ ನಾಲಿಗೆಗೆ ಚಿಟಿಕೆ ಸಕ್ಕರೆ ಹಾಕುತ್ತಿದ್ದಿರಿ. ಅಜ್ಜ, ಮೊಮ್ಮಗಳು ಗುಬ್ಬಿಮರಿಗಳ ಹಾಗೆ ಬಾಯಿ ತೆರೆದು ಕೂರುವುದನ್ನು ನೋಡಿ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ. ನಾನಂತೂ ವಿಡಿಯೊ ಮಾಡಿ ಬಸ್ ಡಿಪೋದಲ್ಲಿ ಎಲ್ಲರಿಗೂ ತೋರಿಸಿದ್ದೆ.

ಆ ದಿನ ಮಾತ್ರೆ ಬಿಡಿಸಿ ಬಟ್ಟಲಲ್ಲಿಟ್ಟು ನೀರು ತರಲು ಒಳಗೆ ಹೋದಿರಿ. ಬಂದಾಗ ಬಟ್ಟಲು ಖಾಲಿ. ನುಂಗಿದಿರಾ ಎಂದು ಮಾವನನ್ನು ಕೇಳಿದಿರಿ, ಅವರು ಹೂಂ ಎಂದರು. ಅವರು ಎಲ್ಲದಕ್ಕೂ ಹೂಂ ಎನ್ನುವವರೇ. ಸ್ವಲ್ಪ ಹೊತ್ತಿಗೆ ಮಗು ರಚ್ಚೆ ಹಿಡಿದಳಂತೆ, ಕೈ ನಡುಗಿತಂತೆ, ಆಮೇಲೆ ತೆಪ್ಪಗೆ ಮಲಗಿಬಿಟ್ಟಳಂತೆ. ದಿನವೂ ಎತ್ತಿಕೊಂಡು ಸುತ್ತಿದರೂ ಕಣ್ಣು ಮುಚ್ಚದ ಹುಡುಗಿ ತಾನಾಗಿ ಮಲಗಿದಳಲ್ಲ ಎಂದು ನೀವು ಹೊದಿಸಿದಿರಿ, ಟಿವಿ ಸದ್ದು ತಗ್ಗಿಸಿದಿರಿ. ನಾನು ಪಾಳಿ ಮುಗಿಸಿ ಬಂದು ಅವಳ ಕುತ್ತಿಗೆಗೆ ಕೈಯಿಟ್ಟರೆ ತಣ್ಣನೆಯ ಬೆವರು. ಕರೆದರೆ ಏಳಲಿಲ್ಲ, ಅಲುಗಿಸಿದರೂ ಏಳಲಿಲ್ಲ. ನೋಡುತ್ತಿದ್ದಂತೆ ಮೈ ಸೆಟೆದು ಫಿಟ್ಸ್ ಬಂತು.

"ಮನೇಲಿ ಯಾರಾದ್ರೂ ಶುಗರ್ ಮಾತ್ರೆ ತಗೋತಾರಾ?" ಎಂದು ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದಾಗ ನಿಮ್ಮ ಮುಖ ಬಿಳಿಚಿಕೊಂಡಿದ್ದು ಕಣ್ಣಿಗೆ ಕಟ್ಟಿದಂತಿದೆ. "ಇಷ್ಟು ಚಿಕ್ಕ ಮಗೂಗೆ ಒಂದೇ ಸಾಕಮ್ಮ, ರಕ್ತದಲ್ಲಿರೋ ಶುಗರ್ ಪೂರ್ತಿ ಇಳಿದುಬಿಡುತ್ತೆ. ಬೆವರು, ನಡುಕ, ಎಬ್ಬಿಸಿದ್ರೂ ಏಳದ ನಿದ್ದೆ, ಯಾವ್ದು ಕಂಡ್ರೂ ಓಡಿ ಬರ್ಬೇಕಿತ್ತು." ಗ್ಲೂಕೋಸ್ ಏರಿಸಿದರು, ತಡವಾಗಿತ್ತು. ಜ್ವರ ಬಂದರೆ ಮೈ ಸುಡುತ್ತದೆ ಎಂದು ನಮಗೆ ಗೊತ್ತಿತ್ತು. ಮೈ ತಣ್ಣಗಾಗಿ, ಸದ್ದಿಲ್ಲದೆ ಮಲಗಿದರೆ ಹೆದರಬೇಕು ಎಂದು ಗೊತ್ತಿರಲಿಲ್ಲ.

ನಿಮ್ಮ ಮೇಲೆ ಸಿಟ್ಟಿದೆ, ಸುಳ್ಳು ಹೇಳಲಾರೆ. ನಿಮ್ಮ ಮಾತೆತ್ತಿದರೆ ಉರಿದು ಬೀಳುತ್ತೇನೆ, ನಿಮ್ಮ ಮಗ ಪಾಪ ಎದ್ದು ಹೊರಗೆ ಹೋಗುತ್ತಾರೆ. ಕ್ಷಮಿಸಿದ್ದೇನೆ ಎಂದು ಬರೆಯಲು ಕೈ ಏಳುತ್ತಿಲ್ಲ. ಮುಂದೆಂದಾದರೂ ಏಳುತ್ತದೋ, ಅದೂ ಗೊತ್ತಿಲ್ಲ.

ಆದರೆ ಅವಳು ಮೊದಲ ಹೆಜ್ಜೆ ಇಟ್ಟಾಗ ನಾನು ಟಿಕೆಟ್ ಕೌಂಟರಿನಲ್ಲಿದ್ದೆ. ನಿಮ್ಮ ಮಗನೂ ಕೆಲಸದಲ್ಲಿದ್ದರು. ಮಾವನಿಗೆ ನೆನಪಿಲ್ಲ. ಕಂಡವರು ನೀವೊಬ್ಬರೇ. ಫೋನಿನಲ್ಲಿ ನೀವು ಕೂಗಿ ಹೇಳಹೊರಟಿರಿ, "ಸಂಜೆ ಬಂದು ಕೇಳ್ತೀನಿ ಅತ್ತೆ, ಜನ ನಿಂತಿದ್ದಾರೆ" ಎಂದುಬಿಟ್ಟೆ. ಸಂಜೆ ಅವಳೇ ಬಾಗಿಲಿಗೆ ನಡೆದು ಬಂದಳು, ಕೇಳುವುದು ಮರೆತೇಹೋಯಿತು. ಏನನ್ನು ಹಿಡಿದುಕೊಂಡಿದ್ದಳು, ಯಾವಾಗ ಕೈಬಿಟ್ಟಳು? ಬಿದ್ದಳಾ? ನಕ್ಕಳಾ?

ಭಾನುವಾರ ಬರುತ್ತೇನೆ. ಅಲ್ಲಿಯವರೆಗೆ ದಿನವೂ ಮಾತ್ರೆ ನುಂಗಿ. ನೀವು ಹೋದರೆ ಅವಳ ಆ ಹೆಜ್ಜೆಯೂ ಹೋಗುತ್ತದೆ, ಅತ್ತೆ.

ದೊಡ್ಡವರನ್ನು ಚಿಕ್ಕವರು ಹರಸಬಾರದು. ಆದರೂ ಹರಸುತ್ತೇನೆ, ನೂರು ಕಾಲ ಬಾಳಿ.

ನಿಮ್ಮ ಸೊಸೆ