ರಜಿಯಾಳ ಕ್ಯಾಮೆಲಿಯಾ

೯ ಅಕ್ಟೋಬರ್ ೧೯೪೮, ಬೆಳಿಗ್ಗೆ
ಎರಡು ತಂಬಿಗೆ ಹಾಕಿದೆ. ಮಳೆನೀರಿನ ಗುಡಾಣ ಅರ್ಧಕ್ಕೆ ಇಳಿದಿದೆ. ಬಾವಿ ನೀರು ಹಾಕುವಂತಿಲ್ಲ — ರಾಯಚೂರಿನ ನೀರಲ್ಲಿ ಸುಣ್ಣ ಜಾಸ್ತಿ, ಎಲೆ ಹಳದಿಯಾಗುತ್ತದೆ ಎನ್ನುತ್ತಿದ್ದಳು ರಜಿಯಾ. ಅವಳ ಗಂಡ ಸೈಫುದ್ದೀನ್ ಬದುಕಿದ್ದಾಗ ಊಟಿಯಿಂದ ಡಬ್ಬಿಯಲ್ಲಿ ತಂದ ಕ್ಯಾಮೆಲಿಯಾ ಹೂಗಿಡ. ಏಳು ವರ್ಷ ಸಾಕಿದ್ದಾಳೆ. ಈಗ ಪಕ್ಕದ ಆ ಮನೆಗೆ ಬೀಗ. ಹಿತ್ತಲ ಗೋಡೆಯ ಸಂದಿಯಿಂದ ನುಸುಳಿ ನಾನು ನೀರು ಹಾಕುತ್ತೇನೆ.
ನಮ್ಮವರಿಗೆ ಹೇಳಿಲ್ಲ.

೧೧ ಅಕ್ಟೋಬರ್
ಬರೆದುಬಿಡುತ್ತೇನೆ. ಯಾರು ಓದುತ್ತಾರೆ?
ಹೋದ ತಿಂಗಳು, ಮಿಲಿಟರಿ ಬಂದು ಸಾಬರ ಮನೆಗಳಲ್ಲಿ ಭಯ ಹತ್ತಿದ ಗಲಾಟೆಯ ಆ ವಾರ, ರಜಿಯಾ ತನ್ನ ಮಗಳು ಮುನ್ನಿಯ ಕೈ ಹಿಡಿದು ಬಂದಳು. "ಪಾರ್ವತೆಕ್ಕಾ, ನಾಕು ದಿನ ನಿಮ್ಮ ಅಡಿಗಿ ಮನ್ಯಾಗ ಇರ್ತೀವಿ. ಒಬ್ಬಾಕಿಗೆ ಅಂಜಿಕಿ ಆಗಾಕತ್ತದ."
ನಮ್ಮವರು ಒಳಗಿನಿಂದಲೇ, "ಆಗಂಗಿಲ್ಲ ಅಂತ ಹೇಳು" ಅಂದರು. ಅವಳಿಗೂ ಕೇಳಿಸಿತು. ಬಾಗಿಲು ಮುಂದಕ್ಕೆ ಮಾಡಿದೆ... ನಾನೇ.
ಮರುದಿನ ಬಂಡಿಯಲ್ಲಿ ಅವಳು ದೇವದುರ್ಗಕ್ಕೆ, ತನ್ನ ಅಣ್ಣನ ಮನೆಗೆ. ಹೋಗುವಾಗ ಗೋಡೆಯಾಚೆಯಿಂದ ಇಷ್ಟೇ: "ಗಿಡಕ್ಕ ನೀರು, ಅಕ್ಕಾ." ದನಿಯಲ್ಲಿ ಸಿಟ್ಟೂ ಇರಲಿಲ್ಲ.

೨ ನವೆಂಬರ್
ಮೊಗ್ಗು! ಹನ್ನೊಂದು. ಬಟಾಣಿಯಷ್ಟು. ಏಳು ವರ್ಷದಲ್ಲಿ ಒಮ್ಮೆಯೂ ಬಿಟ್ಟಿರಲಿಲ್ಲ. ಅರಳಿದರೆ ಒಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ದೇವದುರ್ಗದ ಬಸ್ಸು ಹತ್ತುತ್ತೇನೆ. ಅವಳ ಎದುರು ನಿಂತು ಏನು ಹೇಳಲಿ? ಗೊತ್ತಿಲ್ಲ. ಹೂವು ಕೊಡುತ್ತೇನೆ.

೫ ನವೆಂಬರ್
ಶೇಂಗಾ ಹಿಂಡಿ ನೆನೆಸಿ ಬುಡಕ್ಕೆ ಸುರಿದೆ. ಎರಡು ಬೊಗಸೆ. ಬೇಗ ಅರಳಲಿ.

೯ ನವೆಂಬರ್
ಮತ್ತೆ ಹಾಕಿದೆ. ವಾಸನೆ ಹಿಡಿದು ನಮ್ಮವರು ಗೋಡೆಯ ತನಕ ಬಂದರು.
"ಹೋದವರ ಗಿಡಕ್ಕ ಇಷ್ಟು ಆರೈಕಿ ಯಾಕ?"
"ಇದ್ದಾಗ ಮಾಡಲಿಲ್ಲಲ್ರೀ, ಅದಕ್ಕ."
ಒಳಗೆ ಹೋದರು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ನನ್ನ ಮೊದಲ ಎದುರುತ್ತರ. ಎಷ್ಟು ತಡ.

೨೧ ನವೆಂಬರ್
ಎಲೆಯಂಚು ಸುಟ್ಟಂತಾಗಿದೆ. ಮೂರು ಮೊಗ್ಗು ನೆಲದ ಮೇಲೆ.

೨೩ ನವೆಂಬರ್
ಇನ್ನೂ ಆರು ಉದುರಿದವು. ಮಾಲಿ ಉರುಕುಂದಪ್ಪನನ್ನು ಕರೆಸಿದೆ. ಮಣ್ಣು ಕೆದರಿ ಮೂಸಿದ.
"ಮೊಗ್ಗಿ ಕಟ್ಟಿದ ಮ್ಯಾಲ ಇಷ್ಟು ಹಿಂಡಿ ಹಾಕಬಾರದಿತ್ರೀ ಯವ್ವಾ. ಬೇರು ಸುಟ್ಟಾವ."
"ಉಳಿತದೇನು?"
"ಮಳಿನೀರಿದ್ರ ಬುಡ ತೊಳದು ನೋಡ್ರಿ."
ಗುಡಾಣ ಒಣಗಿ ವಾರವಾಯಿತು.

೧೪ ಡಿಸೆಂಬರ್
ಬರೆಯುವುದೇನು. ಬರೀ ಕಡ್ಡಿ. ನಾನು ಮುಟ್ಟದಿದ್ದರೆ ಬದುಕುತ್ತಿತ್ತು.

೨೮ ಡಿಸೆಂಬರ್, ಮಧ್ಯಾಹ್ನ
ಪಕ್ಕದ ಮನೆಯ ಬೀಗ ತೆಗೆದ ಸದ್ದು. ಓಡಿದೆ. ರಜಿಯಾಳ ಅಣ್ಣ ಖಾಸಿಂ ಸಾಬ್, ಒಬ್ಬರೇ. ಪಾತ್ರೆ, ಪೆಟ್ಟಿಗೆ ಒಯ್ಯಲು ಬಂದಿದ್ದಾರೆ. ರಜಿಯಾ ಎಲ್ಲಿ ಎಂದೆ.
"ತೀರಿ ಹೋಗಿ ಇಪ್ಪತ್ತು ದಿನ ಆತ್ರೀ. ಬಂಡ್ಯಾಗ ಮಳಿಗೆ ನೆನದು ಬಂದಿದ್ಲು. ಅವತ್ತು ಹಿಡದ ಜ್ವರ, ಕೆಮ್ಮು... ಬಿಡಲೇ ಇಲ್ಲ."
ಮಗು ಎಲ್ಲಿ ಎಂದೆ. ಮುನ್ನಿ ಅವರ ಮನೆಯಲ್ಲೇ ಇದ್ದಾಳಂತೆ.
"ನಾ ಬೈದೆ ಆಕಿಗೆ. ಬಾಜೂಕ ಪಾರ್ವತೆಕ್ಕ ಇದ್ರು, ಅವರ ಮನ್ಯಾಗ ಇದ್ದು ಮಳಿ ನಿಂತ ಮ್ಯಾಲ ಬರಬಾರದಿತ್ತೇನು ಅಂತ. ಏನಂದ್ಲು ಗೊತ್ತೇನ್ರೀ? 'ಅಕ್ಕ ಇರು ಇರು ಅಂದ್ರು, ನಾನೇ ಕೇಳಲಿಲ್ಲ' ಅಂದ್ಲು."
ನನಗೆ ಕೈ ಮುಗಿದರು. ನನಗೆ.

ಸಂಜೆ
ಬಂಡಿಗೆ ಸಾಮಾನು ಹೇರಿದ್ದಾಯಿತು. ಎತ್ತು ಹೂಡುತ್ತಿದ್ದಾರೆ. ಎರಡು ಸಲ ಎದ್ದೆ, ಎರಡು ಸಲ ಕೂತೆ. ಹೇಳಿದರೆ ಸತ್ತವಳನ್ನು ಸುಳ್ಳುಗಾರ್ತಿ ಮಾಡಿದಂತೆ. ಹೇಳದಿದ್ದರೆ ಆ ನಮಸ್ಕಾರ ನನ್ನ ತಲೆಯ ಮೇಲೆ, ಸಾಯುವ ತನಕ.
ಗಾಲಿ ಹೊರಳಿತು. ಓಡಿ ಹೋಗಿ ಹೇಳಿಬಿಡುತ್ತೇನೆ:
ಖಾಸಿಂ ಸಾಬ್, ನಿಲ್ರೀ, ಆಕಿ ಇರಾಕ ಜಾಗ ಕೇಳಿದ್ಲು, ನಾನು ಬಾಗಲಾ