ಕೆಂಪು ಲೈನಿಂಗಿನ ಜೇಬು

ದೇವರಾಜ ಮೊಹಲ್ಲಾ, ಮೈಸೂರು
೧೪ ನವೆಂಬರ್ ೨೦೦೮, ಶುಕ್ರವಾರ

ಮಂಗಳೂರಿನ ಶ್ರೀಮತಿ ಸುಗುಣಾ ಪೈ ಅವರಿಗೆ ಸರ್ವಮಂಗಳಳ ನಮಸ್ಕಾರ.

ಹೆಸರು ನೋಡಿದ ತಕ್ಷಣ ಈ ಕಾಗದ ಹರಿದು ಹಾಕಬೇಡಿ. ಹೌದು, ನಾನೇ. ಇಂಟರ್ನೆಟ್ಟಿನಲ್ಲಿ ನಿಮಗೆ ಆ ಕಂದು ಬಣ್ಣದ ಇಟಲಿ ಬ್ಯಾಗು ಮಾರಿದವಳು. ಅದು ಡೂಪ್ಲಿಕೇಟ್ ಎಂದು ನೀವು ಬರೆದಾಗ, ಮದುವೆ ಮನೆಗೆ ಹಿಡಿದುಕೊಂಡು ಹೋಗಿ ಮೆರೆದು ಆಮೇಲೆ ವಾಪಸ್ ಕಳಿಸುವ ಜನ ನನಗೆ ಚೆನ್ನಾಗಿ ಗೊತ್ತು ಎಂದು ಉತ್ತರ ಕೊಟ್ಟವಳು. ನಿಮ್ಮ ವಯಸ್ಸೆಷ್ಟೋ ತಿಳಿಯದು. ಬೈದ ಬಾಯಲ್ಲೇ ಅಕ್ಕ ಎನ್ನುತ್ತಿದ್ದೇನೆ, ಬೇಡ ಎನ್ನಬೇಡಿ.

ಕಾಗದ ಬಿಟ್ಟರೆ ನನಗೆ ಬೇರೆ ದಾರಿ ಉಳಿದಿಲ್ಲ. ನಿಮ್ಮ ದೂರಿನ ವಿಚಾರಣೆ ಮುಗಿಯುವ ತನಕ ಆ ವೆಬ್‌ಸೈಟಿನವರು ನನ್ನ ಖಾತೆ ಬಂದ್ ಮಾಡಿದ್ದಾರೆ, ಅದರಿಂದ ನಿಮಗೆ ಒಂದು ಸಾಲು ಬರೆಯಲೂ ಆಗುವುದಿಲ್ಲ. ಫೋನ್ ಮಾಡಿದೆ. ಮೂರು ಸಲ ನೀವು ಕಟ್ ಮಾಡಿದಿರಿ. ನಾಲ್ಕನೆಯ ಸಲ ನಿಮ್ಮ ಯಜಮಾನರು ಎತ್ತಿ, ಇನ್ನೊಮ್ಮೆ ಮಾಡಿದರೆ ಪೊಲೀಸರಿಗೆ ಹೇಳುತ್ತೇನೆ ಎಂದರು. ಅವರದ್ದೇನೂ ತಪ್ಪಿಲ್ಲ. ವಿಷಯ ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು, ಅದೂ ನಾಟಕ ಅನ್ನಿಸಿರಬೇಕು. ಕೊರಿಯರ್ ರಸೀದಿಯಲ್ಲಿ ನಿಮ್ಮ ವಿಳಾಸ ಇತ್ತು. ಅದನ್ನು ನೋಡಿ ಬರೆಯುತ್ತಿದ್ದೇನೆ.

ಅಕ್ಕ, ಆ ಬ್ಯಾಗಿನೊಳಗೆ ನಮ್ಮಮ್ಮನ ಇಷ್ಟಲಿಂಗ ಇದೆ.

ಇದರ ಬೆಲೆ ನಿಮ್ಮ ಕಡೆಯವರಿಗೆ ಎಷ್ಟು ಗೊತ್ತೋ ಕಾಣೆ, ಹೇಳುತ್ತೇನೆ. ನಾವು ಲಿಂಗಾಯತರು. ಮಗು ಹುಟ್ಟಿದ ಕೆಲವೇ ದಿನಕ್ಕೆ ಮಠದ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಅಂದಿನಿಂದ ಅದು ಮೈಮೇಲೇ ಇರಬೇಕು. ಸತ್ತ ಮೇಲೂ ಅಷ್ಟೆ. ನಮ್ಮನ್ನು ಸುಡುವುದಿಲ್ಲ, ಕೂರಿಸಿ, ಎಡಗೈಯಲ್ಲಿ ಅದೇ ಲಿಂಗ ಇಟ್ಟು ಮಣ್ಣು ಮಾಡುತ್ತಾರೆ. ಒಬ್ಬರದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ನಮ್ಮಮ್ಮ ದಾಕ್ಷಾಯಣಮ್ಮನಿಗೆ ಎಪ್ಪತ್ತನಾಲ್ಕು ವರ್ಷ. ಬುದ್ಧಿ ತಿಳಿದಾಗಿನಿಂದ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಒಂದು ಗುಟುಕು ಕಾಫಿ ಕುಡಿದವಳಲ್ಲ. ಲಿಂಗ ಇರುವ ಬೆಳ್ಳಿಯ ಕರಡಿಗೆ ನಿಂಬೆಹಣ್ಣಿನಷ್ಟಿದೆ, ಒಂದು ಕಡೆ ನಗ್ಗಿದೆ. ನಾನು ಹೊಟ್ಟೆಯಲ್ಲಿದ್ದಾಗ ಅಮ್ಮ ಮೆಟ್ಟಿಲ ಮೇಲೆ ಬಿದ್ದು ಆದದ್ದು. ನಿನಗೆ ಬೀಳಬೇಕಾದ ಏಟು ಇದಕ್ಕೆ ಬಿತ್ತು ಎಂದು ಆ ನಗ್ಗು ತೋರಿಸಿ ನನ್ನನ್ನು ರೇಗಿಸುತ್ತಿದ್ದಳು.

ನನ್ನದು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಹೊಲಿಗೆ ಅಂಗಡಿ. ಗಂಡನ ಮನೆ ಬಿಟ್ಟು ಅಮ್ಮನ ಹತ್ತಿರ ಬಂದ ವರ್ಷ ಹಾಕಿದ್ದು. ಬ್ಲೌಸು, ಫಾಲ್ಸು, ಜಿಪ್ಪು, ಇವಿಷ್ಟರಲ್ಲೇ ದಿನ ಹೋಗುತ್ತಿತ್ತು. ಎರಡು ವರ್ಷದ ಹಿಂದೆ ಪಕ್ಕದ ಸೈಬರ್ ಸೆಂಟರಿನ ಮಂಟಯ್ಯನವರು, ಹಳೆಯ ಫಾರಿನ್ ಬ್ಯಾಗುಗಳನ್ನೂ ಜನ ಇಂಟರ್ನೆಟ್ಟಿನಲ್ಲಿ ಕೊಳ್ಳುತ್ತಾರೆ ಎಂದು ತೋರಿಸಿಕೊಟ್ಟರು. ಲಕ್ಷ್ಮೀಪುರಂನ ದೊಡ್ಡ ಮನೆಗಳ ಬೀರುಗಳಲ್ಲಿ ಅಂಥವು ಬೂಷ್ಟು ಹಿಡಿದು ಬಿದ್ದಿರುತ್ತವೆ. ಕೊಂಡು ತಂದು, ಚರ್ಮ ಒರೆಸಿ, ಬಿಟ್ಟ ಹೊಲಿಗೆ ಹಾಕಿ, ಮಂಟಯ್ಯನವರ ಕ್ಯಾಮರಾದಲ್ಲಿ ಫೋಟೋ ತೆಗೆಸಿ ಮಾರತೊಡಗಿದೆ. ಈ ಓಣಿಯಲ್ಲಿ ಕೂತು ದೆಲ್ಲಿಯವರಿಗೆ ಬ್ಯಾಗು ಮಾರುತ್ತೀಯಲ್ಲ ಎಂದು ಅಮ್ಮನಿಗೆ ನಗು, ಒಳಗೊಳಗೇ ಹೆಮ್ಮೆ. ನಿಮ್ಮ ಬ್ಯಾಗು ಲಕ್ಷ್ಮೀಪುರಂನ ಇಂದ್ರಮ್ಮನವರ ಮನೆಯದು, ಅವರ ಮಗಳು ಫಾರಿನ್ನಿನಿಂದ ತಂದದ್ದು. ಅಸಲಿಯೋ ಅಲ್ಲವೋ ಎನ್ನುವ ವಾದ ಆಮೇಲಾಗಲಿ.

ದೀಪಾವಳಿಗೆ ಮುಂಚಿನ ಶನಿವಾರ ಬೆಳಿಗ್ಗೆ ಆ ಬ್ಯಾಗನ್ನು ಹಿಡಿದು ಕೊರಿಯರ್ ಆಫೀಸಿಗೆ ಹೊರಟಿದ್ದೆ. ಬಾಗಿಲು ದಾಟಿರಲಿಲ್ಲ, ಒಳಗೆ ಅಮ್ಮ ಕುಸಿದಳು. ಎಡಭಾಗ ಪೂರ್ತಿ ಬಿದ್ದುಹೋಗಿತ್ತು, ಬಾಯಿ ವಾರೆಯಾಗಿತ್ತು. ಬ್ಯಾಗು ಹೆಗಲಲ್ಲಿದ್ದ ಹಾಗೇ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಸ್ಕ್ಯಾನಿಂಗ್ ಮಾಡುವವರು ಮೈಮೇಲೆ ಲೋಹ ಏನೂ ಇರಬಾರದು ಎಂದರು. ಬಳೆ, ಓಲೆ ಬಿಚ್ಚಿದೆ. ಕರಡಿಗೆಗೆ ಕೈ ಹಾಕಿದಾಗ ಅಮ್ಮ ಬಲಗೈಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಮಾತು ತೊದಲುತ್ತಿತ್ತು, ಆದರೂ ನನಗೆ ತಿಳಿಯಿತು.

"ನೆಲದ್ ಮೇಲೆ ಇಡ್ಬೇಡ ಕಣಮ್ಮ."

ಅಷ್ಟೇ ಹೇಳಿದ್ದು. ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿನೊಳಗೆ ಇಟ್ಟೆ. ಅಮ್ಮನೇ ಇಟ್ಟಳು, ನನಗೆ ಗೊತ್ತಿರಲಿಲ್ಲ ಎಂದು ಬರೆಯೋಣ ಎಂದುಕೊಂಡಿದ್ದೆ ಅಕ್ಕ, ಒಂದು ಹಾಳೆ ಹಾಗೇ ಬರೆದು ಹರಿದೆ. ಇಟ್ಟದ್ದು ನನ್ನ ಕೈ.

ಸ್ಕ್ಯಾನಿಂಗ್ ಮುಗಿಯುವ ಹೊತ್ತಿಗೆ ಅಮ್ಮನಿಗೆ ಪ್ರಜ್ಞೆ ಇರಲಿಲ್ಲ. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಇಲ್ಲಿ ಸಹಿ ಹಾಕಿ, ಮಧ್ಯಾಹ್ನದೊಳಗೆ ಅಡ್ವಾನ್ಸ್ ಕಟ್ಟಿ ಎಂದರು. ತಮ್ಮ ಮಹದೇವಪ್ರಸಾದ್ ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಪಾಳಿಯಲ್ಲಿದ್ದ, ಫೋನಿಗೆ ಸಿಗಲಿಲ್ಲ. ನೀವು ಕಟ್ಟಿದ್ದ ಹಣ ವೆಬ್‌ಸೈಟಿನವರ ಕೈಯಲ್ಲಿತ್ತು; ಸಾಮಾನು ಕಳಿಸಿದ ರಸೀದಿ ತೋರಿಸಿದರೆ ಮಾತ್ರ ನನಗೆ ಬರುತ್ತಿತ್ತು. ಅವತ್ತು ತಪ್ಪಿದರೆ ಹಬ್ಬ ಮುಗಿಯುವ ತನಕ ಕೊರಿಯರ್ ಇಲ್ಲ. ಮಂಟಯ್ಯನವರನ್ನು ಕೇಳಿಕೊಂಡೆ. ರಸೀದಿ ತಂದು ತೋರಿಸಿ, ಹಣ ಬರುವ ತನಕ ನಾನು ಕೈಯಿಂದ ಹಾಕುತ್ತೇನೆ ಎಂದರು. ಓಡಿದೆ. ಬ್ಯಾಗಿನೊಳಗೆ ಹಳೆಯ ಪೇಪರಿನ ಉಂಡೆ ತುರುಕಿ, ಡಬ್ಬಕ್ಕೆ ಹಾಕಿ, ಟೇಪು ಸುತ್ತಿಸಿದೆ. ಎಲ್ಲಾ ನೆನಪಿದೆ ಅಕ್ಕ. ಟೇಪು ಸಾಲದೆ ಇನ್ನೊಂದು ಸುತ್ತು ಹಾಕಿ ಎಂದು ಜಗಳ ಆಡಿದ್ದೂ ನೆನಪಿದೆ. ಅದೊಂದು ಮಾತ್ರ ನೆನಪಿಗೆ ಬರಲಿಲ್ಲ.

ಆಮೇಲಿನದ್ದು ನಿಮಗೇ ಗೊತ್ತು. ನೀವು ಬ್ಯಾಗು ವಾಪಸ್ ಕಳಿಸುತ್ತೇನೆ, ಹಣ ಕೊಡಿ ಎಂದಿರಿ. ಕೊಡಲು ನನ್ನ ಹತ್ತಿರ ಹಣ ಇರಲಿಲ್ಲ, ಆಸ್ಪತ್ರೆಗೆ ಹೋಗಿಯಾಗಿತ್ತು. ಅದನ್ನು ಹೇಳಲು ನಾಚಿಕೆಯಾಗಿ ನಿಮ್ಮ ಮೇಲೇ ಹಾರಿಬಿದ್ದೆ. ಒಳಗಿನ ಹೊಲಿಗೆ ಯಾವುದೋ ಓಣಿಯ ದರ್ಜಿ ಹಾಕಿದ ಹಾಗಿದೆ ಎಂದು ಬೇರೆ ನೀವು ಬರೆದಿದ್ದಿರಿ. ಅದು ನನ್ನನ್ನು ಹೆಚ್ಚು ಉರಿಸಿತು. ಕಳಿಸಿದರೂ ತೆಗೆದುಕೊಳ್ಳುವುದಿಲ್ಲ ಎಂದು ಬರೆದೆ. ಅಕ್ಕ, ಅದು ತಾನಾಗಿ ಮನೆಗೆ ವಾಪಸ್ ಬರುತ್ತಿತ್ತು. ನಾನೇ ಬೇಡ ಎಂದೆ. ಹನ್ನೆರಡು ದಿನದಿಂದ ನನ್ನ ತಲೆಯಲ್ಲಿ ಇರುವುದು ಇದೊಂದೇ.

ಒಂಬತ್ತನೆಯ ದಿನ ಅಮ್ಮ ಕಣ್ಣು ಬಿಟ್ಟಳು. ಮೊದಲು ಮಾಡಿದ್ದು ಬಲಗೈಯನ್ನು ಕೊರಳಿಗೆ ತಂದದ್ದು. ಬರಿಗೊರಳು ಮುಟ್ಟಿ ನನ್ನ ಮುಖ ನೋಡಿದಳು. ಅದು ಬ್ಯಾಗಿನ ಜೊತೆ ನಿಮ್ಮಲ್ಲಿಗೆ ಹೋಗಿದೆ ಎಂದು ನನಗೆ ನೆನಪಾದದ್ದು ಆವಾಗ. ಮನೆಯಲ್ಲಿ ದೇವರ ಗೂಡಿನಲ್ಲಿದೆ ಎಂದುಬಿಟ್ಟೆ. ತಮ್ಮನಿಗೂ ಅದೇ ಸುಳ್ಳು ಹೇಳಿದ್ದೇನೆ, ಹಾಗಾಗಿ ಅವನನ್ನು ನಿಮ್ಮಲ್ಲಿಗೆ ಕಳಿಸುವ ಹಾಗೂ ಇಲ್ಲ. ಅಮ್ಮ ಬಾಯಿಗೆ ಹಿಡಿದ ನೀರನ್ನು ತುಟಿ ಬಿಗಿದು ತಳ್ಳಿದಳು. ಲಿಂಗ ಬರುವ ತನಕ ನೀರಿಲ್ಲ. ಡ್ರಿಪ್ ಹಾಕಿದ್ದರು, ಅದು ಬೇರೆ ಮಾತು. ಒಂದು ಹಗಲು ಹಾಗೇ ಇದ್ದಳು, ಎದುರಿಗೆ ನಾನೂ ಹಾಗೇ ಕೂತಿದ್ದೆ.

ಮಾರನೆಯ ಬೆಳಿಗ್ಗೆ ನನ್ನ ಲಿಂಗ ತಂದೆ. ಹತ್ತು ವರ್ಷದಿಂದ ಅದು ಡಬ್ಬದಲ್ಲಿತ್ತು. ಬಗ್ಗಿ ಹೊಲಿಯುವಾಗ ಕರಡಿಗೆ ಮೆಷಿನ್ನಿಗೆ ತಗಲುತ್ತದೆ ಎಂದು ತೆಗೆದಿಟ್ಟವಳು ಮತ್ತೆ ಕಟ್ಟಿರಲಿಲ್ಲ. ಅಮ್ಮನ ಎಡ ಅಂಗೈ ತೆರೆದು ಅದರಲ್ಲಿಟ್ಟು, ಕೆಳಗೆ ನನ್ನ ಕೈ ಆನಿಸಿ ಹಿಡಿದೆ. ಆ ಕೈಗೆ ಸ್ಪರ್ಶವೇ ಇಲ್ಲ, ತೂಕ ತಿಳಿಯುವುದಿಲ್ಲ ಎಂಬ ಧೈರ್ಯ. ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಬಲಗೈಯಲ್ಲಿ ವಿಭೂತಿ ಹಚ್ಚಿ, ಪೂಜೆ ಮಾಡಿ, ನೀರು ಕುಡಿದಳು. ಗುರುತು ಹಿಡಿಯಲಿಲ್ಲ. ಅವತ್ತು ಗೆದ್ದೆ ಎನ್ನಿಸಿತು. ಈಗ ದಿನಾ ಬೆಳಿಗ್ಗೆ ಹೆತ್ತ ತಾಯಿಗೆ ಮೋಸ ಮಾಡುತ್ತಿದ್ದೇನೆ. ನಿನ್ನೆಯಿಂದ ಅವಳ ಉಸಿರು ಸರಿಯಿಲ್ಲ. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದಾರೆ. ಅದರ ಅರ್ಥ ನಿಮಗೂ ಗೊತ್ತು. ಎಪ್ಪತ್ತನಾಲ್ಕು ವರ್ಷ ಜೊತೆಗಿದ್ದದ್ದನ್ನು ಬಿಟ್ಟು, ಬೇರೆಯವರದ್ದನ್ನು ಹಿಡಿದು ಅವಳು ಮಣ್ಣಿಗೆ ಹೋಗುವ ಹಾಗೆ ಮಾಡಬೇಡಿ.

ಬ್ಯಾಗನ್ನು ಹೇಗಿದೆಯೋ ಹಾಗೇ ಕಳಿಸಿಬಿಡಿ. ದಯವಿಟ್ಟು ಒಳಗೆ ಕೈ ಹಾಕಿ ಹುಡುಕಬೇಡಿ. ನಮ್ಮಲ್ಲಿ ಮಡಿ ಬಹಳ, ಬೇರೆಯವರ ಕೈ ತಗಲಿದರೆ ಲಿಂಗ ಮತ್ತೆ ಪೂಜೆಗೆ ಬರುವುದಿಲ್ಲ. ಹೊಲಿಗೆ ಮೆಷಿನ್ ಮಾರಿಯಾದರೂ ನಿಮ್ಮ ಹಣ ಕಳಿಸುತ್ತೇನೆ. ಕೋಪದಲ್ಲಿ ಯಾರಿಗಾದರೂ ಕೊಟ್ಟಿದ್ದರೆ ಯಾರಿಗೆ ಎಂದು ಹೇಳಿ, ಎಸೆದಿದ್ದರೆ ಎಲ್ಲಿ ಎಂದು ಹೇಳಿ. ನನ್ನ ನಂಬರು ನಿಮ್ಮ ಫೋನಿನಲ್ಲೇ ಇದೆ, ನೀವು ಎತ್ತದ ಕರೆಗಳಲ್ಲಿ.

ನಿಮ್ಮನ್ನು ನೋಯಿಸಿ, ಈಗ ನಿಮ್ಮ ದಾರಿಯನ್ನೇ ಕಾಯುತ್ತಿರುವ
ಸರ್ವಮಂಗಳ

ತಾ.ಕ. ೧೮ನೇ ತಾರೀಖು, ಮಂಗಳವಾರ.

ಮೇಲಿನ ಕಾಗದವನ್ನು ಅವತ್ತು ಅಂಚೆಗೆ ಹಾಕಲಿಲ್ಲ. ಶುಕ್ರವಾರ ಸಂಜೆಯೇ ಅಮ್ಮನನ್ನು ಮನೆಗೆ ಕರೆತಂದೆವು, ಮತ್ತೆ ಹೊರಗೆ ಹೋಗಲು ಆಗಲಿಲ್ಲ. ಅಮ್ಮ ನಿನ್ನೆ ಬೆಳಿಗ್ಗೆ ಹೋದಳು. ಕಾರ್ತಿಕ ಸೋಮವಾರ, ಪುಣ್ಯವಂತೆ ಎಂದು ಬಂದವರೆಲ್ಲ ಅಂದರು. ಸಂಜೆ ಅಯ್ಯನವರು ಅಮ್ಮನ ಎಡಗೈಯಲ್ಲಿ ಲಿಂಗ ಇಟ್ಟು, ಬೆರಳು ಮಡಿಸಿ, ಮಣ್ಣು ಮುಚ್ಚಿಸಿದರು. ಅದು ನನ್ನದು. ಅಲ್ಲಿದ್ದವರಲ್ಲಿ ಯಾರಿಗೂ ತಿಳಿಯಲಿಲ್ಲ.

ಅಮ್ಮನಿಗೆ ತಿಳಿದಿತ್ತು. ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಹಾಕಲು ಹೋದ ನನ್ನ ಕೈ ಹಿಡಿದು, ತೊದಲುತ್ತಲೇ ಹೇಳಿದಳು.

"ಇದು ನಿಂದು ಕಣಮ್ಮ. ಮೊದಲ್ನೇ ದಿನಾನೇ ಗೊತ್ತಾಯ್ತು. ನೀನೂ ಉಪವಾಸ ಕೂತಿದ್ಯಲ್ಲ, ಅದ್ಕೇ ನೀರ್ ಕುಡ್ದುಬುಟ್ಟೆ. ನಂದು ಸಿಕ್ರೆ ನೀನ್ ಕಟ್ಕೊ."

ನೀವು ಬ್ಯಾಗು ನೋಡಿದ ಕೂಡಲೇ ಮೋಸ ಹಿಡಿದಿರಿ, ಅಮ್ಮನೂ ಲಿಂಗ ನೋಡಿದ ಕೂಡಲೇ ಹಿಡಿದಿದ್ದಳು. ನಾನೊಬ್ಬಳೇ ಯಾರಿಗೂ ಗೊತ್ತಿಲ್ಲ ಎಂದುಕೊಂಡು ಓಡಾಡುತ್ತಿದ್ದೆ.

ಅದಕ್ಕೇ ಈಗ ಬರೆಯುತ್ತಿದ್ದೇನೆ. ಮಡಿಯ ಮಾತು ಸುಳ್ಳು. ನಮ್ಮಲ್ಲಿ ಮಡಿ ಮೈಲಿಗೆ ಎಂಬುದೇ ಇಲ್ಲ, ಯಾರ ಕೈಯಾದರೂ ಆದೀತು. ಬ್ಯಾಗಿನ ಒಳಗೆ, ಬಲಗಡೆ ತಳದ ಮೂಲೆಯಲ್ಲಿ, ಕೆಂಪು ಲೈನಿಂಗಿನ ಒಂದು ಮಡಿಕೆ ಇದೆ. ಅದನ್ನು ಎತ್ತಿದರೆ ಒಂದು ಟಿಚ್ ಬಟನ್ ಸಿಗುತ್ತದೆ. ಅದನ್ನು ಬಿಚ್ಚಿದರೆ ಒಂದು ಜೇಬು. ಅವತ್ತು ಆಸ್ಪತ್ರೆಯಲ್ಲಿ, ಅದಕ್ಕಿಂತ ಭದ್ರವಾದ ಜಾಗ ನನಗೆ ತೋಚಲಿಲ್ಲ, ಹೊಲಿದವಳು ನಾನೇ ಅಲ್ಲವೆ. ಜೇಬು ತೆರೆದಾಗ ಅದರ ಹಿಂದೆ, ಬ್ಯಾಗನ್ನು ನಿಜವಾಗಿ ಮಾಡಿದವರ ಮುದ್ರೆ ಕಾಣುತ್ತದೆ. ಅದನ್ನು ಮುಚ್ಚಲೆಂದೇ ಆ ಜೇಬು ಹೊಲಿದದ್ದು. ಇದು ಬೆಂಗಳೂರಿನ ರಸ್ತೆ ಬದಿಯಲ್ಲಿ ಕೊಂಡ ಬ್ಯಾಗು. ಇಂದ್ರಮ್ಮನವರ ಮನೆಯಿಂದ ಬಂದದ್ದು ಲೇಬಲ್ ಮಾತ್ರ, ಅವರು ಎಸೆಯಲು ಕೊಟ್ಟ ಹರಿದ ಬ್ಯಾಗಿನಿಂದ ಬಿಚ್ಚಿ ಹಾಕಿದೆ. ಮಂಟಯ್ಯನವರಿಗೂ ಇದು ಗೊತ್ತಿಲ್ಲ. ಓಣಿಯ ದರ್ಜಿ ಎಂದಿರಲ್ಲ, ಅದು ನಾನೇ.

ಈ ಕಾಗದವನ್ನೇ ವೆಬ್‌ಸೈಟಿನವರಿಗೆ ಕೊಡಿ, ಇದಕ್ಕಿಂತ ಸಾಕ್ಷಿ ಬೇಡ. ಖಾತೆ ಹೋದರೆ ಹೋಗಲಿ. ಬ್ಯಾಗು ನನಗೆ ಬೇಡ. ಕರಡಿಗೆಯೊಂದನ್ನು ಕಳಿಸಿಕೊಡಿ, ನನ್ನ ಕೊರಳು ಬರಿದಾಗಿದೆ. ಕಳಿಸುವ ತನಕ ಅದನ್ನು ನೆಲದ ಮೇಲೆ ಮಾತ್ರ ಇಡಬೇಡಿ ಅಕ್ಕ.